ಎದೆ ಕೊಯ್ಯಲು ಒಪ್ಪಿ, ಹಲ್ಲು ಮುಟ್ಟಲು ಒಪ್ಪದ ಗಂಡನ ವಿಷಯ

ಇಂದ:
ಟಪಾಲು ವಿಭಾಗದ ಗುಮಾಸ್ತೆ
(ರೋಗಿಯ ಕಾನೂನುಬದ್ಧ ಹೆಂಡತಿ, ಇನ್ನು ಮುಂದೆ 'ಅರ್ಜಿದಾರಳು')

ಗೆ:
ಮುಖ್ಯ ವೈದ್ಯೆಯವರು, ದಂತ ವಿಭಾಗ
ದೊಡ್ಡಾಸ್ಪತ್ರೆ, ಎರಡನೇ ಮಹಡಿ, ಲಿಫ್ಟಿನಿಂದ ಇಳಿದ ಕೂಡಲೇ ಎಡಕ್ಕೆ, ಕೊರೆಯುವ ಸದ್ದು ಬರುವ ಕಡೆ

ಮಾನ್ಯರೇ,

ವಿಷಯ: ಹೃದಯದ ಕವಾಟ ಬದಲಿಸುವ ಮುಂಚೆ ಆಗಲೇಬೇಕಾದ ಹಲ್ಲು ಶುಚಿ ಮಾಡುವ ಕೆಲಸಕ್ಕೆ, ನೋವು ತಿಳಿಯದಂತೆ ಹಾಗೂ ಹೆದರಿಕೆ ಇಳಿಯುವಂತೆ ಏರ್ಪಾಡು ಕೋರಿ.

ಉಲ್ಲೇಖ:
೧) ಹೃದಯದ ಡಾಕ್ಟರರ ಬಾಯಿಮಾತಿನ ಆದೇಶ: "ಹಲ್ಲು ಕ್ಲೀನ್ ಆಗಿದೆ ಅಂತ ಚೀಟಿ ತನ್ನಿ, ಆಮೇಲೆ ಆಪರೇಷನ್."
೨) ಅದೇ ಡಾಕ್ಟರರಿಗೆ ಅರ್ಜಿದಾರಳು ಕೊಟ್ಟ ಹಿಂದಿನ ಅರ್ಜಿ ಮತ್ತು ಅದರ ಅಂಚಿನಲ್ಲಿ ಅವರು ಬರೆದ "ತಮಾಷೆನಾ?" ಎಂಬ ಷರಾ.
೩) ತಾವು ದಯಮಾಡಿ ಕೊಟ್ಟ, 'ಹೆದರುವವರಿಗಾಗಿ' ಎಂಬ ತಲೆಬರಹದ ಒಂದು ಹಾಳೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರಳಿಗೆ ಇರುವುದು ಒಬ್ಬರೇ ಗಂಡ. ಬದಲಿ ವ್ಯವಸ್ಥೆ ಇರುವುದಿಲ್ಲ. ಇರುವವರನ್ನೇ ರಿಪೇರಿ ಮಾಡಿಸಿ ನಡೆಸಬೇಕಾದ ಪರಿಸ್ಥಿತಿ ಒದಗಿರುವ ಕಾರಣ ಈ ಅರ್ಜಿಯನ್ನು ಸಲ್ಲಿಸಲಾಗಿದೆ. ವಿಷಯ, ಉಲ್ಲೇಖ ಎಂದೆಲ್ಲ ಬರೆದದ್ದಕ್ಕೆ ತಾವು ನಗಬಾರದು. ಅರ್ಜಿದಾರಳು ಟಪಾಲು ವಿಭಾಗದಲ್ಲಿ ಕೂತು ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು. ವಿಷಯ ಎಂದು ಬರೆಯದ ಕಾಗದವನ್ನು ಯಾರೂ ಓದುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಸ್ವತಃ ಆಕೆಯೇ ಓದಿಲ್ಲ.

೧. ಸದರಿ ರೋಗಿಯು ಸಂಚಾರ ಪೊಲೀಸ್ ಪೇದೆ. ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ, ಗುಂಡನೆಯ ಕಟ್ಟೆಯ ಮೇಲೆ ನಿಂತು, ಬರಿಗೈಯಲ್ಲಿ ಲಾರಿ ನಿಲ್ಲಿಸುವ ಮನುಷ್ಯ. ಇಂಥವರು ಕಳೆದ ಬೇಸಿಗೆಯಿಂದ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದರು. ಯಾಕೆಂದು ಕೇಳಿದರೆ, "ಲೇಸ್ ಕಟ್ಕೋತಿದೀನಿ" ಎಂದರು. "ಚಪ್ಪಲಿಗೆ ಲೇಸ್ ಎಲ್ಲಿಂದ ಬಂತ್ರೀ?" ಎಂದು ಅರ್ಜಿದಾರಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಏಕೆಂದರೆ ಉತ್ತರ ಕೊಡುವಷ್ಟು ಉಸಿರು ಇರಲಿಲ್ಲ. ಹಿಡಿದು ಎಳೆದುಕೊಂಡು ಹೋಗಿ ತೋರಿಸಲಾಗಿ, ಹೃದಯದ ಒಂದು ಕವಾಟ ಕಟ್ಟಿಕೊಂಡಿದೆ, ಅದನ್ನು ತೆಗೆದು ಹೊಸದು ಹಾಕಬೇಕು ಎಂದು ಗೊತ್ತಾಯಿತು. "ಭಾವನ ಎದೆಯೊಳಗೇ ಟ್ರಾಫಿಕ್ ಜಾಮ್" ಎಂದು ಅರ್ಜಿದಾರಳ ತಮ್ಮ ನಕ್ಕ. ಅರ್ಜಿದಾರಳು ನಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

೨. ಎದೆ ಕೊಯ್ಯುತ್ತಾರೆ ಎಂದಾಗ ರೋಗಿಯು ತೋರಿದ ಧೈರ್ಯ ಮೆಚ್ಚತಕ್ಕದ್ದು. ಅಂಗಿಯ ಗುಂಡಿ ತಾವೇ ಬಿಚ್ಚಿ, ಬೆರಳಿನಿಂದ ಗೆರೆ ಎಳೆದು, "ಇಲ್ಲಿಂದ ಇಲ್ಲಿಗಾ ಸಾರ್?" ಎಂದು ಹೃದಯದ ಡಾಕ್ಟರರನ್ನು ಕೇಳಿದರು. ಮೂಳೆ ಕೊಯ್ಯಲು ಗರಗಸವೇ ಬೇಕಾಗುತ್ತದೆಯೋ ಎಂದು ವಿಚಾರಿಸಿದರು. ಹಳೆಯ ಕವಾಟವನ್ನು ಮನೆಗೆ ಕೊಡುತ್ತಾರೆಯೇ ಎಂದೂ ಕೇಳಿದರು. ಹೃದಯದ ಡಾಕ್ಟರರು ಸಂತೋಷಪಟ್ಟು, "ಇಷ್ಟು ಧೈರ್ಯ ಇರೋ ಪೇಷಂಟು ಅಪರೂಪ. ಒಂದೇ ಒಂದು ಕೆಲಸ ಬಾಕಿ. ಮೇಲ್ಗಡೆ ಹಲ್ಲಿನ ವಿಭಾಗದಲ್ಲಿ ಹಲ್ಲು ಕ್ಲೀನ್ ಮಾಡಿಸ್ಕೊಂಡು ಬಂದ್ಬಿಡಿ" ಎಂದರು.

ರೋಗಿಯು ಎದ್ದು ನಿಂತು, "ಗಾಡಿ ಅಡ್ಡ ನಿಲ್ಸಿದೀನಿ ಸಾರ್, ತೆಗೆದು ಬರ್ತೀನಿ" ಎಂದು ಹೊರಟುಹೋದರು. ನಾವು ಬಂದದ್ದು ಬಸ್ಸಿನಲ್ಲಿ. ಬಹಳ ಹೊತ್ತು ಹುಡುಕಿದ ಮೇಲೆ ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕರು. ಅಂಗಿಯ ಗುಂಡಿ ಬಿಚ್ಚಿದ್ದ ಹಾಗೆಯೇ ನಿಂತು ಆಂಬುಲೆನ್ಸ್‌ಗಳಿಗೆ ದಾರಿ ಬಿಡಿಸುತ್ತಿದ್ದರು.

೩. ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಎಂದು ಅರ್ಜಿದಾರಳು ಕೇಳಲಾಗಿ ಡಾಕ್ಟರರು ಹೇಳಿದ್ದು ಇಷ್ಟು: "ಹಲ್ಲಿನ ಸಂದಿಯ ಕೊಳೆಯಲ್ಲಿರೋ ಕ್ರಿಮಿ ರಕ್ತಕ್ಕಿಳಿದು ಹೊಸ ಕವಾಟದ ಮೇಲೆ ಕೂತ್ರೆ, ನಾನು ಹಾಕಿದ್ದೂ ಹಾಳು, ಇವರೂ ಹಾಳು. ಬಾಯಿ ಶುದ್ಧ ಆಗದೆ ನಾನು ಎದೆ ಮುಟ್ಟಲ್ಲ." ಆಪರೇಷನ್ನಿಗೆ ಬರುವ ತಿಂಗಳ ಮೊದಲ ವಾರ ದಿನ ಕೊಟ್ಟಿದ್ದಾರೆ. ಅದು ತಪ್ಪಿದರೆ ಮುಂದಿನ ದಿನ ಯಾವಾಗಲೋ ಏನೋ. ಕವಾಟ ಅಲ್ಲಿಯವರೆಗೆ ತಡೆಯುವ ಭರವಸೆ ತಮಗಿಲ್ಲ ಎಂದೂ ಹೇಳಿದ್ದಾರೆ. ಎಂದರೆ, ಮಾನ್ಯರೇ, ಅರ್ಜಿದಾರಳ ಸಂಸಾರವೆಲ್ಲ ಈಗ ತಮ್ಮ ವಿಭಾಗದ ಒಂದು ಸಾಲಿನ ಚೀಟಿಯ ಮೇಲೆ ನಿಂತಿದೆ.

೪. ಆದಕಾರಣ ಅರ್ಜಿದಾರಳು ತನ್ನ ಬುದ್ಧಿಗೆ ತೋಚಿದಂತೆ ಉಲ್ಲೇಖ ೨ರ ಅರ್ಜಿ ಬರೆದಳು. ಆಪರೇಷನ್ ದಿನ ರೋಗಿಗೆ ಹೇಗೂ ಪೂರ್ತಿ ನಿದ್ದೆ ಬರಿಸಲಾಗುವುದು. ಎದೆಯ ಕಡೆಯವರು ಎದೆ ನೋಡಿಕೊಳ್ಳುವಾಗ ತಲೆಯ ಕಡೆ ಜಾಗ ಖಾಲಿಯೇ ಇರುವುದು. ಆದ್ದರಿಂದ ಅದೇ ನಿದ್ದೆಯಲ್ಲಿ ಹಲ್ಲನ್ನೂ ಮುಗಿಸಬಾರದೇಕೆ ಎಂಬುದು ಅದರ ಸಾರ. ಒಂದೇ ಗುಂಡಿ ತೋಡಿ ನೀರಿನ ಪೈಪು, ಟೆಲಿಫೋನ್ ತಂತಿ ಎರಡನ್ನೂ ಹಾಕುವ ಪದ್ಧತಿ ಎಲ್ಲ ಕಡೆ ಇದೆ ಎಂದೂ ನಮೂದಿಸಿದ್ದಳು. ಸದರಿ ಅರ್ಜಿ "ತಮಾಷೆನಾ?" ಎಂಬ ಷರಾದೊಂದಿಗೆ ವಾಪಸಾಯಿತು. ಕೊಳೆ ಕೆರೆದ ದಿನವೇ ಕ್ರಿಮಿ ರಕ್ತಕ್ಕಿಳಿಯುವುದು ಹೆಚ್ಚು, ಆದ್ದರಿಂದ ಮೊದಲು ಹಲ್ಲು, ಗಾಯ ಮಾಗಿದ ಮೇಲೆ ಎದೆ ಎಂದು ನರ್ಸಮ್ಮ ಬಿಡಿಸಿ ಹೇಳಿದರು. ಅರ್ಜಿದಾರಳು ಅರ್ಥಮಾಡಿಕೊಂಡಳು. ಆದರೆ ಆಕೆ ತಮಾಷೆಗೆ ಬರೆದಿರಲಿಲ್ಲ.

೫. ಕಳೆದ ವಾರ ತಮ್ಮ ಕುರ್ಚಿಯಲ್ಲಿ ನಡೆದ ಘಟನೆ ತಮಗೆ ತಿಳಿದೇ ಇದೆ. ಅದಕ್ಕೆ ವಿವರಣೆ ಕೊಡುವುದು ಕರ್ತವ್ಯ. ರೋಗಿಯನ್ನು ಕುರ್ಚಿಯವರೆಗೆ ತರಲು ಅರ್ಜಿದಾರಳು ಮತ್ತು ಆಕೆಯ ತಮ್ಮ ಪಟ್ಟ ಪಾಡು ಇಲ್ಲಿ ಬೇಡ. ಕೂತರು, ಬಾಯಿಯನ್ನೂ ತೆರೆದರು. ತಾವು ಬಹಳ ಸಮಾಧಾನದಿಂದ, "ನೋವಾದ್ರೆ ಎಡಗೈ ಎತ್ತಿ ಸಾರ್, ತಕ್ಷಣ ನಿಲ್ಲಿಸ್ತೀನಿ" ಎಂದಿರಿ. ಯಾವ ರೋಗಿಗಾದರೂ ಒಪ್ಪುವ ಮಾತು. ಆದರೆ ಇವರ ಕಸುಬಿನಲ್ಲಿ ಒಂದು ಕೈ ನಿಲ್ಲಿಸಿತೆಂದರೆ ಇನ್ನೊಂದು ಕೈ ಬಿಡಲೇಬೇಕು. ನಾಲ್ಕೂ ಕಡೆ ನಿಲ್ಲಿಸಿಕೊಂಡು ನಿಂತರೆ ಊರು ಕೆಡುತ್ತದೆ.

ತಮ್ಮ ಯಂತ್ರ ಹಲ್ಲಿಗೆ ತಾಗುವ ಮುಂಚೆಯೇ, ಬರೀ ಸದ್ದಿಗೆ, ಎಡಗೈ ಮೇಲೆ ಹೋಯಿತು. ತಾವು ನಿಲ್ಲಿಸಿದಿರಿ. ಅಷ್ಟರಲ್ಲಿ ಬಲಗೈ ತನ್ನಷ್ಟಕ್ಕೆ ತಾನೇ ಬಲಗಡೆಗೆ "ಬಾ, ಬಾ, ಬೇಗ ಬಾ" ಎಂದು ಬೀಸತೊಡಗಿತು. ಬಲಗಡೆ ಎಂಜಲು ಹೀರುವ ನಳಿಗೆ ಹಿಡಿದು ನಿಂತಿದ್ದ ತಮ್ಮ ಸಹಾಯಕಿ ಹೇಳಿದ ಮಾತು ಕೇಳುವ ಹೆಣ್ಣುಮಗಳು, ಬಂದಳು. ನಳಿಗೆ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿತು. ರೋಗಿ ಗಾಬರಿಯಾಗಿ ಎಡಗೈಯನ್ನು ಇನ್ನೂ ಜೋರಾಗಿ ಎತ್ತಿದರು, ಬಲಗೈ ಇನ್ನೂ ಜೋರಾಗಿ ಕರೆಯಿತು, ಆ ಹೆಣ್ಣುಮಗಳು ಇನ್ನೂ ಒಳಗೆ ಬಂದಳು. ಕೊನೆಗೆ ರೋಗಿಯು ಬಾಯಿಯನ್ನೇ ಮುಚ್ಚಿದರು. ತಮ್ಮ ಬೆರಳು ಒಳಗಿತ್ತು.

ಬೆರಳಿನ ಕುಶಲ ವಿಚಾರಿಸಿ ಅರ್ಜಿದಾರಳು ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾಳೆ. ಎದ್ದು ಹೋಗುವಾಗ ರೋಗಿಯು ತಮಗೆ "ಗಾಡಿ ಸೈಡಿಗೆ ಹಾಕ್ರೀ" ಎಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಾಗಿ ವಿನಂತಿ.

೬. ಅಂದು ತಾವು ಬೆರಳಿಗೆ ಐಸ್ ಹಿಡಿದುಕೊಂಡೇ ಕೊಟ್ಟ 'ಹೆದರುವವರಿಗಾಗಿ' ಹಾಳೆಯನ್ನು ಮನೆಯಲ್ಲಿ ಕೂಲಂಕಷವಾಗಿ ಪರಿಶೀಲಿಸಲಾಯಿತು. ಫಲಿತಾಂಶ ಕೆಳಕಂಡಂತಿದೆ.

ಅ) ಮರಗಟ್ಟಿಸುವ ಜೆಲ್: ತಾವು ಕೊಟ್ಟ ಪುಟ್ಟ ಟ್ಯೂಬಿನಿಂದ ವಸಡಿಗೆ ಹಚ್ಚಲಾಯಿತು. ರೋಗಿಯು ರುಚಿ ನೋಡುತ್ತ ನೋಡುತ್ತ ಎಲ್ಲವನ್ನೂ ನೆಕ್ಕಿದರು. ನಾಲಿಗೆ ಬಿದ್ದುಹೋಗಿ, ಸಂಜೆಯವರೆಗೆ ಒಂದು ಮಾತೂ ಆಡಲಾಗಲಿಲ್ಲ. ಮದುವೆಯಾದಾಗಿನಿಂದ ಅಷ್ಟು ಸುಖವಾದ ಮಧ್ಯಾಹ್ನವನ್ನು ಅರ್ಜಿದಾರಳು ಕಂಡಿರಲಿಲ್ಲವಾದ್ದರಿಂದ ಇನ್ನೂ ನಾಲ್ಕು ಟ್ಯೂಬ್ ಮಂಜೂರು ಮಾಡಬೇಕೆಂದು ಬೇರೆ ಅರ್ಜಿ ಸಲ್ಲಿಸುವವಳಿದ್ದಾಳೆ. ಆದರೆ ಮರಗಟ್ಟಿದ್ದು ವಸಡು, ಹೆದರಿಕೆಯಲ್ಲ.

ಆ) ವಸಡಿಗೆ ಚುಚ್ಚುಮದ್ದು: "ಕೈಗೆ ಎಷ್ಟು ಬೇಕಾದ್ರೂ ಚುಚ್ಲಿ. ಬಾಯಿಗ್ಯಾಕೆ?" ಎಂದರು. ಹಲ್ಲು ಇರುವುದು ಬಾಯಿಯಲ್ಲಿ ಎಂದು ಮನವರಿಕೆ ಮಾಡಿಕೊಡುವ ಪ್ರಯತ್ನ ಜಾರಿಯಲ್ಲಿದೆ.

ಇ) ನಗೆ ಅನಿಲ: ಮೂಗಿಗೆ ಮುಖವಾಡ ಹಾಕಿದರೆ ಮನಸ್ಸು ಹಗುರಾಗುವುದೆಂದೂ, ತೆಗೆದ ಐದು ನಿಮಿಷಕ್ಕೆ ಇಳಿಯುವುದೆಂದೂ, ಹೃದಯದ ಡಾಕ್ಟರರ ಅಡ್ಡಿಯಿಲ್ಲವೆಂದೂ ತಿಳಿದು ಅರ್ಜಿದಾರಳಿಗೆ ಇದೇ ಹಿಡಿಸಿತು. ರೋಗಿಗೆ ಹಿಡಿಸಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ. "ಆ ಗ್ಯಾಸಲ್ಲಿ ಮನುಷ್ಯ ಏನೇನು ಮಾತಾಡ್ತಾನೋ!" ಎಂದರು. ಅರ್ಜಿದಾರಳ ತವರಿನಿಂದ ಬಂದ ಗೋಡೆ ಗಡಿಯಾರ ಹಿಂದೆ ಕಾಣೆಯಾಗಿದ್ದು, ಅಂಥದೇ ಒಂದು ನಾದಿನಿಯ ಮನೆಯಲ್ಲಿ ಟಿಕ್ ಟಿಕ್ ಅನ್ನುತ್ತಿದೆ. ಅನಿಲ ಕೊಡುವ ಹೊತ್ತಿಗೆ ಪಕ್ಕದಲ್ಲಿ ನಿಲ್ಲಲು ಅರ್ಜಿದಾರಳಿಗೆ ಅವಕಾಶ ಸಿಕ್ಕರೆ ಉಪಕಾರವಾಗುವುದು.

ಈ) ನರಕ್ಕೆ ಮದ್ದು ಕೊಟ್ಟು ಮಂಪರು ಬರಿಸುವುದು: ನಿದ್ದೆ ಬರಿಸುವ ಡಾಕ್ಟರರೇ ಬೇಡ ಎಂದಿದ್ದಾರೆ. "ಈ ಹೃದಯಕ್ಕೆ ಸಣ್ಣ ಕೆಲಸಕ್ಕೊಂದು ದೊಡ್ಡ ಕೆಲಸಕ್ಕೊಂದು ಅಂತ ಎರಡು ನಿದ್ದೆ ಕೊಡಕ್ಕಾಗಲ್ಲಮ್ಮ."

ಉ) ಒಂದು ಗಂಟೆ ಮೊದಲು ನುಂಗುವ, ಹೆದರಿಕೆ ಇಳಿಸುವ ಮಾತ್ರೆ: ಇದರ ಬಗ್ಗೆ ಪ್ರತ್ಯೇಕವಾಗಿ ನಿವೇದಿಸಬೇಕಾಗಿದೆ.

೭. ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ತಾವು ಮತ್ತೆ ಸಮಯ ಕೊಟ್ಟಿದ್ದಿರಿ. ನಾವು ಬರಲಿಲ್ಲ. ಕಾರಣ ಹೀಗಿದೆ. ಮಾತ್ರೆ ನುಂಗಿ ಎಂದರೆ ರೋಗಿಯು, "ನಂಗೇನು ಹೆದರಿಕೆ ಇದ್ಯಾ, ಮಾತ್ರೆ ನುಂಗಕ್ಕೆ?" ಎಂದು ಎದೆ ಸೆಟೆಸಿ ಕೂತರು. ಆದ್ದರಿಂದ ಅರ್ಜಿದಾರಳು ಅದನ್ನು ಲಟ್ಟಣಿಗೆಯಲ್ಲಿ ಅರೆದು ಟೀಗೆ ಬೆರೆಸಿದಳು. ಹಾಗೆ ಮಾಡಬಾರದು ಎಂದು ತಾವು ಬೈಯುವುದು ಗೊತ್ತು. ಬೈಗುಳವನ್ನು ಈ ಮೂಲಕ ಸ್ವೀಕರಿಸಲಾಗಿದೆ. ಆದರೆ ಆಕೆ ಮಾಡಿದ ನಿಜವಾದ ತಪ್ಪು ಬೇರೆ. ಎಂದೂ ಇಲ್ಲದ ಹಾಗೆ ಟೀಯನ್ನು ಸಾಸರಿನ ಮೇಲಿಟ್ಟು ಕೊಟ್ಟಳು. ಜೊತೆಗೆ ನಕ್ಕಳು.

ಕುಡಿದು ಗಾಡಿ ಓಡಿಸುವವರ ಮುಖಗಳನ್ನೇ ನೋಡುತ್ತ ಬಂದ ಮನುಷ್ಯ. ಸಾಸರು ನೋಡಿದರು, ನಗು ನೋಡಿದರು, "ಸಕ್ಕರೆ ಸ್ವಲ್ಪ ತಗೊಂಬಾ" ಎಂದರು. ಅರ್ಜಿದಾರಳು ಒಳಗೆ ಹೋಗಿ ಬರುವಷ್ಟರಲ್ಲಿ ಅವರ ಲೋಟವೂ ಈಕೆಯ ಲೋಟವೂ ಜಾಗ ಬದಲಾಯಿಸಿದ್ದವು. ಅವರು ಸೊರ್ ಎಂದು ಕುಡಿದರು. ಈಕೆಯೂ ಗೆದ್ದೆನೆಂಬ ಉಮೇದಿನಲ್ಲಿ ಸೊರ್ ಎಂದು ಕುಡಿದಳು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸದರಿ ಮಾತ್ರೆ ಸೌಮ್ಯವಾದದ್ದು, ಅದರಿಂದ ಯಾರೂ ಹಾಗೆ ಮಲಗುವುದಿಲ್ಲ ಎಂದು ತಾವು ಆಮೇಲೆ ಫೋನಿನಲ್ಲಿ ಹೇಳಿದಿರಿ. ಸತ್ಯ. ಆದರೆ ಅರ್ಜಿದಾರಳು ಕಳೆದ ಬೇಸಿಗೆಯಿಂದ ಸರಿಯಾಗಿ ಮಲಗಿಲ್ಲ. ಪಕ್ಕದಲ್ಲಿ ಮಲಗಿದವರ ಉಸಿರು ಬರುತ್ತಿದೆಯೇ ಎಂದು ಕಿವಿಗೊಟ್ಟು ಮಲಗುವವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಮಾತ್ರೆ ಬರೀ ಬಾಗಿಲು ತೆರೆಯಿತು. ಬಾಕಿ ಇದ್ದ ನಿದ್ದೆಯೆಲ್ಲ ಒಟ್ಟಿಗೆ ನುಗ್ಗಿತು.

೮. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಇಳಿದಿತ್ತು. ರೋಗಿಯು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಫೋನು. ಸ್ವಂತ ಇಚ್ಛೆಯಿಂದ ದಂತ ವಿಭಾಗಕ್ಕೆ ಫೋನ್ ಮಾಡಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಉಸಿರು ಒಂದೇ ಸಮ ಇದೆಯೇ ನೋಡಿಕೊಳ್ಳಿ, ಪಕ್ಕದಲ್ಲೇ ಇರಿ, ವ್ಯತ್ಯಾಸ ಕಂಡರೆ ಕೂಡಲೇ ಕರೆತನ್ನಿ ಎಂದು ತಾವು ಹೇಳಿದ್ದಿರಂತೆ. ಹೇಳಿದ ಹಾಗೆ ಕೂತಿದ್ದರು. ಟೀ ಲೋಟಗಳು ಹಾಗೆಯೇ ಇದ್ದವು. ಆಗ ನಡೆದ ಮಾತುಕತೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ.

"ಎದ್ಯಾ?"

"ಗಂಟೆ ಎಷ್ಟ್ರೀ? ಮೂರಾಯ್ತಾ? ಏಳಿ, ಬಸ್ ತಪ್ಪತ್ತೆ."

"ಮೂರು ಯಾವಾಗ್ಲೋ ಆಯ್ತು. ಮಲ್ಕೋ ಸುಮ್ನೆ."

"ನೀವಿಲ್ಲಿ ನೆಲದ ಮೇಲೆ ಏನ್ ಮಾಡ್ತಿದೀರ?"

"ಉಸಿರಾಡ್ತಿದೀಯಾ ಅಂತ ನೋಡ್ತಿದ್ದೆ." ಫೋನನ್ನು ನೆಲದ ಮೇಲಿಟ್ಟು, "ಕರೆದೆ ಕಣೇ. ಏಳ್ಲಿಲ್ಲ ನೀನು. ಅಲುಗಾಡ್ಸಿದೆ, ಏಳ್ಲಿಲ್ಲ. ಕೈಕಾಲೇ ಆಡ್ಲಿಲ್ಲ ನಂಗೆ. ಇನ್ನೊಂದ್ಸಲ ಹೀಗ್ ಮಾಡ್ಬೇಡ" ಎಂದರು.

ಅರ್ಜಿದಾರಳಿಗೆ ಸಿಟ್ಟು ನೆತ್ತಿಗೇರಿತು. ಟೀ ಬದಲಾಯಿಸಿದವರು ಅವರು, ಮಾಡಬೇಡ ಎಂದು ಹೇಳಿಸಿಕೊಳ್ಳುವವಳು ಈಕೆ. "ಒಂದು ಮಧ್ಯಾಹ್ನಕ್ಕೇ ಹಿಂಗಾಡ್ತೀರಲ್ಲ! ನಾನು ದಿನಾ ಮಾಡ್ತಿರೋದೇನು? ನೀವು ಮೆಟ್ಲ ಮೇಲೆ ಕೂತಾಗ, ಮಲಗಿದಾಗ, ಬಚ್ಚಲಿಂದ ಬರೋದು ತಡ ಆದಾಗ ನಾನು ಅದನ್ನೇ ನೋಡ್ತಿರೋದು. ಇದಾರಾ, ಇಲ್ವಾ, ಇದಾರಾ, ಇಲ್ವಾ. ನಂಗೆ ನೀವು ಬೇಕ್ರೀ. ಒಂದು ಹಲ್ಲಿನ ಪಾಚಿಗೋಸ್ಕರ ನಿಮ್ಮನ್ನ ಕಳ್ಕೊಳಕ್ಕೆ ನಂಗಾಗಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತನ್ನು ಆಕೆ ಇಷ್ಟು ನೇರವಾಗಿ ಆಡಿರಲಿಲ್ಲ. ಆಡಿದ ಮೇಲೆ ಇಬ್ಬರಿಗೂ ನಾಚಿಕೆಯಾಗಿ ಇಬ್ಬರೂ ಫ್ಯಾನಿನ ಕಡೆ ನೋಡಿದರು.

"ಸರಿ," ಎಂದರು ರೋಗಿ. "ಬರ್ತೀನಿ. ಕೂತ್ಕೋತೀನಿ. ಓಡಿಹೋಗಲ್ಲ. ಆದ್ರೆ ಒಂದು ಷರತ್ತು."

"ಏನು?"

"ಮೊದ್ಲು ನೀನು ಕೂತ್ಕೋಬೇಕು."

"ನಾನಾ? ನಂಗೇನಾಗಿದೆ?"

"ಏನಾಗಿಲ್ದಿದ್ರೆ ಇನ್ನೂ ಸುಲಭ. ನೀನು ಕೂತು ಕ್ಲೀನ್ ಮಾಡಿಸ್ಕೊಂಡು ಎದ್ದು ಬಂದಿದ್ದನ್ನ ನಾನು ಕಣ್ಣಾರೆ ನೋಡ್ಬೇಕು. ನೋಡಿದ್ರೆ ಕೂತ್ಕೋತೀನಿ. ನನ್ನಾಣೆ."

"ಅಷ್ಟೇ ತಾನೆ? ಅದೇನ್ ಮಹಾ!" ಎಂದು ಅರ್ಜಿದಾರಳು ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

೯. ಅಡಿಗೆಮನೆಗೆ ಹೋದವಳು ಸಿಂಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು ಎಂಬ ಸಂಗತಿಯನ್ನು ತಮ್ಮ ಹೊರತು ಯಾರಿಗೂ ತಿಳಿಸಬಾರದಾಗಿ ಕೋರಿಕೆ. ವಾಸ್ತವಾಂಶವೇನೆಂದರೆ, ಅರ್ಜಿದಾರಳು ಬಲಗಡೆಯಿಂದ ಏನನ್ನೂ ಅಗಿಯದೆ ವರ್ಷಗಳೇ ಆಗಿವೆ. ತಣ್ಣೀರು ಕುಡಿಯುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಾಳೆ. ಅದನ್ನು ಕಚೇರಿಯವರು ಆಕೆಯ ಶೈಲಿ ಎಂದುಕೊಂಡಿದ್ದಾರೆ. ತೋರಿಸಲಿಲ್ಲವೇಕೆ ಎಂದರೆ ಕಾರಣಗಳಿಗೇನು ಬರ: ಮೊದಲು ಅತ್ತೆಯ ಕಾಯಿಲೆ, ಆಮೇಲೆ ಕಚೇರಿಯಲ್ಲಿ ವರ್ಷಾಂತ್ಯ, ಆಮೇಲೆ ಗಂಡನ ಹೃದಯ. ಹೆಂಗಸಿನ ಹಲ್ಲಿಗೆ ಸರದಿ ಯಾವಾಗಲೂ ಕೊನೆಯದು ಎಂದು ಹೇಳಿದರೆ ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ. ಆ ಅಯ್ಯೋ ಪಾಪದ ಮರೆಯಲ್ಲಿ ಆಕೆ ಹಾಯಾಗಿ ಬಚ್ಚಿಟ್ಟುಕೊಂಡಿದ್ದಳು.

ಕಳೆದ ವಾರ ತಮ್ಮ ಯಂತ್ರ ಆನ್ ಆದಾಗ ರೋಗಿ ಕೈ ಎತ್ತಿದ್ದನ್ನು ಎಲ್ಲರೂ ಕಂಡರು. ಬಾಗಿಲ ಬಳಿ ನಿಂತಿದ್ದ ಅರ್ಜಿದಾರಳು ಅದೇ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡದ್ದನ್ನು ಯಾರೂ ಕಾಣಲಿಲ್ಲ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಇಷ್ಟು ದಿನ ಗಂಡನಿಗೆ ಹೇಡಿ ಎಂದವಳು ಇದನ್ನು ಬರೆಯುವಾಗಲೂ ಬಲ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದಾಳೆ.

ಆದರೂ ಕೂರುತ್ತಾಳೆ. ಬೇರೆ ದಾರಿ ಇಲ್ಲ ಎಂದಲ್ಲ. ಇನ್ನೊಂದು ದಾರಿ ಯಾವುದು ಎಂದು ಆಕೆಗೆ ಗೊತ್ತಿರುವ ಕಾರಣ.

೧೦. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ವಿಷಯದಲ್ಲಿ ಕೋರಿರುವ ಏರ್ಪಾಡುಗಳನ್ನು, ಎಂದರೆ ಜೆಲ್, ಚುಚ್ಚುಮದ್ದು, ನಗೆ ಅನಿಲ, ಮಾತ್ರೆ, ಇವುಗಳಲ್ಲಿ ತಮಗೆ ಸರಿ ಕಂಡದ್ದನ್ನು, ಸರಿ ಕಂಡರೆ ಎಲ್ಲವನ್ನೂ, ಪ್ರಥಮ ಆದ್ಯತೆಯ ಮೇರೆಗೆ ಅರ್ಜಿದಾರಳಿಗೆ ಒದಗಿಸಬೇಕೆಂದೂ, ಆಕೆಗೆ ಎಷ್ಟೇ ನೋವಾದರೂ, ಎದ್ದ ಕೂಡಲೇ ತಾವು ಗಟ್ಟಿಯಾಗಿ "ನೋಡಿ ಸಾರ್, ಏನೂ ಆಗ್ಲಿಲ್ಲ" ಎಂದು ಹೇಳಬೇಕೆಂದೂ, ಕುರ್ಚಿ ಆರುವ ಮುಂಚೆ ರೋಗಿಯನ್ನು ಅದರಲ್ಲಿ ಕೂರಿಸಿ ಕೆಲಸ ಮುಗಿಸಿ, ಹೃದಯದ ಡಾಕ್ಟರರಿಗೆ ತಲುಪಬೇಕಾದ ಚೀಟಿಯನ್ನು ಅಂದೇ ಕೊಡಬೇಕೆಂದೂ ಈ ಮೂಲಕ ಕೈಮುಗಿದು ಕೋರಲಾಗಿದೆ.

ಬಾಯಿ ತೆರೆಯುವ ಅಭ್ಯಾಸವನ್ನು ಕನ್ನಡಿಯ ಮುಂದೆ ನಡೆಸಿರುವ,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕಗಳು:
೧. ಷರಾ ಸಹಿತ ಹಿಂದಿನ ಅರ್ಜಿ.
೨. ರೋಗಿಯ ಒಪ್ಪಿಗೆ ಪತ್ರ. (ರುಜು ನಡುಗಿದೆ. ಆದರೂ ಅವರದೇ.)
೩. ಅರ್ಜಿದಾರಳ ಒಪ್ಪಿಗೆ ಪತ್ರ. (ರುಜು ಬಾಕಿ ಇದೆ. ಕುರ್ಚಿಯ ಪಕ್ಕದಲ್ಲಿ ಮಾಡಲಾಗುವುದು.)

ವಿ.ಸೂ.: ಅರ್ಜಿದಾರಳ ಸರದಿ ನಡೆಯುವಾಗ ರೋಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸದೆ, ಕುರ್ಚಿಯಿಂದ ನೇರವಾಗಿ ಕಾಣುವಂತೆ ಸ್ಟೂಲು ಹಾಕಿ ಒಳಗೇ ಕೂರಿಸಬೇಕು. ಅವರು ಓಡಿಹೋಗುತ್ತಾರೆ ಎಂಬ ಕಾರಣಕ್ಕಲ್ಲ. ಅರ್ಜಿದಾರಳು ಓಡಿಹೋಗಬಾರದು ಎಂಬ ಕಾರಣಕ್ಕೆ.